ಕುಂಡಕ್ಕೆ ಪುಟ್ಟ ನೀಲಿ ಹೂ: ಲೊಬೀಲಿಯಾ, ಐಸೊಟೋಮಾ, ಬಲೂನ್ ಹೂ, ಕಂಪ್ಯಾನುಲಾ – ನಿಮಗೆ ಯಾವುದು?

ಕುಂಡದಲ್ಲಿ ಬೆಳೆಸಲು ನೀಲಿ ಹೂ ಬೇಕು ಅಂದರೆ ನಮ್ಮ ಕಡೆ ಆಯ್ಕೆ ಕಡಿಮೆ. ಶಂಖಪುಷ್ಪ ಬಳ್ಳಿ, ಹಬ್ಬಲು ಜಾಗ ಕೇಳುತ್ತದೆ. ಪ್ಲಂಬಾಗೋ ಪೊದೆ, ಬಾಲ್ಕನಿಗೆ ದೊಡ್ಡದಾಯಿತು. ಗಿಡ ಒಂದು ಗೇಣಿಗಿಂತ ಎತ್ತರ ಹೋಗಬಾರದು, ಮೈತುಂಬ ಹೂ ಬಿಡಬೇಕು, ಬಣ್ಣ ನಿಜವಾಗಿಯೂ ನೀಲಿಯೇ ಆಗಿರಬೇಕು, ನೇರಳೆಯನ್ನು ನೀಲಿ ಅಂತ ದಾಟಿಸಬಾರದು ಅನ್ನುವವರು ಹುಡುಕುತ್ತಾ ಹೋದರೆ ಕೊನೆಗೆ ಬಂದು ನಿಲ್ಲುವುದು ಹೆಚ್ಚಾಗಿ ಒಂದೇ ಕುಟುಂಬದ ಹತ್ತಿರ. ಗಂಟೆ ಹೂಗಳ ಕುಟುಂಬ, ಕಂಪ್ಯಾನುಲೇಸಿ.

ಈ ಕುಟುಂಬದ ನಾಲ್ಕು ಗಿಡಗಳ ಬೀಜ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಪ್ಯಾಕೆಟ್ ಮೇಲಿನ ಫೋಟೋದಲ್ಲಿ ನಾಲ್ಕೂ ಚೆಂದ, ನಾಲ್ಕೂ ನೀಲಿ. ಆದರೆ ಒಂದರ ತವರು ದಕ್ಷಿಣ ಆಫ್ರಿಕಾ, ಇನ್ನೊಂದರದ್ದು ಆಸ್ಟ್ರೇಲಿಯಾದ ಬಂಡೆ ಸಂದಿಗಳು, ಮತ್ತೊಂದು ಚೀನಾ, ಕೊರಿಯಾ, ಜಪಾನ್ ಕಡೆಯದ್ದು, ಕೊನೆಯದ್ದು ಯುರೋಪಿನ ಕಾರ್ಪಾಥಿಯನ್ ಬೆಟ್ಟಗಳದ್ದು. ಯಾವುದೂ ತವರಿನ ಅಭ್ಯಾಸ ಬಿಟ್ಟಿಲ್ಲ. ಅದಕ್ಕೇ ಫೋಟೋ ನೋಡಿ ಆರಿಸಬೇಡಿ ಅನ್ನುವುದು ನನ್ನ ಮಾತು. ನಿಮ್ಮ ಊರಿನ ಸೆಕೆ ಎಷ್ಟು, ಹಗಲು ಎಷ್ಟು ಉದ್ದ, ಮನೆಯಲ್ಲಿ ದಿನಾ ನೀರು ಹಾಕುವವರು ಯಾರಾದರೂ ಇದ್ದಾರಾ, ಇಷ್ಟು ನೋಡಿಕೊಂಡರೆ ಆಯ್ಕೆ ಅರ್ಧ ಮುಗಿದ ಹಾಗೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಧಾರವಾಡದಂಥ ಊರಲ್ಲಿದ್ದು, ಬೆಳಗಿನ ಬಿಸಿಲು ಬೀಳುವ ಬಾಲ್ಕನಿ ಇದ್ದು, ದಿನಾ ಗಿಡ ಮಾತಾಡಿಸುವ ಅಭ್ಯಾಸ ಇದ್ದರೆ ಲೊಬೀಲಿಯಾ ತಗೊಳ್ಳಿ. ಪಡುವಣ ಬಿಸಿಲು, ಕಾದ ತಾರಸಿ, ಎರಡು ದಿನಕ್ಕೊಮ್ಮೆ ನೀರು ಅನ್ನುವವರಿಗೆ ಐಸೊಟೋಮಾ. ಒಂದೇ ಗಿಡವನ್ನು ನಿಧಾನವಾಗಿ ವರ್ಷಗಟ್ಟಲೆ ಸಾಕುವ ತಾಳ್ಮೆ ಇದ್ದವರಿಗೆ ಬಲೂನ್ ಹೂ. ಕಂಪ್ಯಾನುಲಾವನ್ನು ಕರ್ನಾಟಕದಲ್ಲಿ ಬೆಳೆಸಲು ಹೋಗಬೇಡಿ. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಇದ್ದೀರಾದರೆ ಮಾತ್ರ ಅದೇ ನಿಮಗೆ ಎಲ್ಲಕ್ಕಿಂತ ಸುಲಭದ ಗಿಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲೊಬೀಲಿಯಾ: ಮೊದಲ ಆಯ್ಕೆ, ಆದರೆ ಚಳಿಗಾಲಕ್ಕೆ ಮಾತ್ರ

ನಾನು ಹೇಳುತ್ತಿರುವುದು ಲೊಬೀಲಿಯಾ ಎರಿನಸ್ ಅನ್ನುವ ಪುಟ್ಟ ಗಿಡದ ಬಗ್ಗೆ. ಇದೇ ಕುಲದ ದೊಡ್ಡಣ್ಣ ನಮ್ಮಲ್ಲೇ ಇದ್ದಾನೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನಲ್ಲಿ ಆಳೆತ್ತರ ನಿಂತು ಉದ್ದ ತೆನೆಯಂಥ ಹೂಗೊಂಚಲು ಬಿಡುತ್ತದಲ್ಲ, ಕಾಡು ಹೊಗೆಸೊಪ್ಪು, ಅದೂ ಲೊಬೀಲಿಯಾನೇ. ಅದನ್ನು ಬೆಟ್ಟದಲ್ಲೇ ಬಿಟ್ಟುಬಿಡಿ. ಕಿತ್ತು ತಂದು ಮನೆಯಲ್ಲಿ ಇಡುವ ಗಿಡ ಅಲ್ಲ ಅದು, ಮೈಯೆಲ್ಲ ವಿಷ ಬೇರೆ.

ಎರಿನಸ್ ಬೆಳೆಯುವುದು 10ರಿಂದ 25 ಸೆಂಟಿಮೀಟರ್. ಹೂ ಕಿರುಬೆರಳಿನ ಉಗುರಿನಷ್ಟು ಅಥವಾ ಸ್ವಲ್ಪ ದೊಡ್ಡದು. ಒಂದನ್ನು ಹತ್ತಿರ ಹಿಡಿದು ನೋಡಿ. ಮೇಲೆ ಎರಡು ಸಣ್ಣ ಎಸಳು, ಕೆಳಗೆ ಅಗಲವಾದ ಮೂರು, ಗಂಟಲಲ್ಲಿ ಬಿಳಿ ಚುಕ್ಕೆ. ಮೊಗ್ಗು ಬಿರಿಯುವ ಹೊತ್ತಿಗೆ ತೊಟ್ಟು ಅರ್ಧ ಸುತ್ತು ತಿರುಗಿರುತ್ತದೆ, ಅಂದರೆ ನಮ್ಮ ಕಣ್ಣಿಗೆ ಕಾಣುವ ಹೂ ನಿಜಕ್ಕೂ ತಲೆಕೆಳಗಾದದ್ದು. ಒಳಗೆ ಕೇಸರಗಳು ಒಂದಕ್ಕೊಂದು ಅಂಟಿಕೊಂಡು ಕೊಳವೆಯಾಗಿರುತ್ತವೆ. ಪರಾಗ ಆ ಕೊಳವೆಯೊಳಗೇ ಉದುರುತ್ತದೆ. ಆಮೇಲೆ ಶಲಾಕೆ ಕೆಳಗಿನಿಂದ ಬೆಳೆಯುತ್ತಾ, ತುದಿಯ ಕೂದಲಿನಿಂದ ಪರಾಗವನ್ನು ಮುಂದಕ್ಕೆ ತಳ್ಳಿಕೊಂಡು ಹೋಗಿ ಬರುವ ಹುಳದ ಬೆನ್ನಿಗೆ ಹಚ್ಚುತ್ತದೆ. ಪರಾಗವೆಲ್ಲ ಖರ್ಚಾದ ಮೇಲೆಯೇ ಅದರ ತುದಿ ಬಿರಿದು ಬೇರೆ ಹೂವಿನ ಪರಾಗಕ್ಕೆ ಕಾಯುವುದು. ಇಷ್ಟು ಚಿಕ್ಕ ಹೂವಿನಲ್ಲಿ ಇಷ್ಟೆಲ್ಲ ಏರ್ಪಾಡು! ಒಂದು ಭೂತಗನ್ನಡಿ ಇದ್ದರೆ ಮಕ್ಕಳಿಗೆ ತೋರಿಸಿ.

ಈ ಗಿಡಕ್ಕೆ ಬೇಕಾದ್ದು ತಂಪು. ಹಗಲು 18ರಿಂದ 25 ಡಿಗ್ರಿ, ರಾತ್ರಿ 15ರ ಆಸುಪಾಸು ಇದ್ದರೆ ಖುಷಿಯಾಗಿ ಹೂ ಬಿಡುತ್ತದೆ. ಬೆಂಗಳೂರಿನ ನವೆಂಬರ್‌ನಿಂದ ಫೆಬ್ರವರಿ ಹೆಚ್ಚು ಕಡಿಮೆ ಹೀಗೇ ಇರುತ್ತದೆ ಅಲ್ವಾ? ಆ ನಾಲ್ಕು ತಿಂಗಳು ಇದರ ಕಾಲ. ಬಿಸಿಲು 30 ದಾಟಿ ರಾತ್ರಿಯೂ ಸೆಕೆ ಉಳಿಯಿತು ಅಂದರೆ ಹೂ ನಿಲ್ಲಿಸುತ್ತದೆ, ಎಲೆ ಹಳದಿಯಾಗುತ್ತದೆ, ಏಪ್ರಿಲ್ ಹೊತ್ತಿಗೆ ಬಹುಪಾಲು ಮುಗಿದೇ ಹೋಗುತ್ತದೆ. ಇದನ್ನು ಗಿಡದ ತಪ್ಪು ಅನ್ನಬೇಡಿ. ಸೇವಂತಿಗೆಗೆ, ಡೇಲಿಯಾಗೆ ಒಂದು ಕಾಲ ಇರುವಂತೆ ಇದಕ್ಕೂ ಇದೆ. ಸುಮ್ನೆ ನೆರಳು ಕಟ್ಟಿ, ಐಸ್ ನೀರು ಹಾಕಿ ಮೇ ತನಕ ಎಳೆಯುವುದಕ್ಕಿಂತ ಮುಂದಿನ ದಸರಾಕ್ಕೆ ಹೊಸದಾಗಿ ಬಿತ್ತುವುದೇ ಸರಿ.

ಊರಿಂದ ಊರಿಗೆ ವ್ಯತ್ಯಾಸ ಇದೆ. ಮಡಿಕೇರಿ, ಸಕಲೇಶಪುರದಂಥ ಕಡೆ ಮಾರ್ಚ್ ಮುಗಿಯುವವರೆಗೂ ನಿಶ್ಚಿಂತೆ, ಆದರೆ ಜೂನ್ ಮಳೆ ಹಿಡಿದ ಮೇಲೆ ಕೊಳೆಯುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಅಕ್ಟೋಬರ್ ಕೊನೆಗೆ ಬಿತ್ತಬೇಕು, ಫೆಬ್ರವರಿ ಕೊನೆಗೆ ಮುಗಿಯಿತು ಅಂತಲೇ ಲೆಕ್ಕ ಇಟ್ಟುಕೊಳ್ಳಬೇಕು. ಮಂಗಳೂರು, ಉಡುಪಿ, ಕಾರವಾರದವರಿಗೆ ನಾನು ಲೊಬೀಲಿಯಾ ಹೇಳುವುದಿಲ್ಲ. ಅಲ್ಲಿನ ರಾತ್ರಿ ತಣ್ಣಗಾಗುವುದೇ ಕಡಿಮೆ.

ಇನ್ನು ಲೊಬೀಲಿಯಾದಲ್ಲೇ ಯಾವುದು? ಇದೂ ಒಂದು ದೊಡ್ಡ ಆಯ್ಕೆಯೇ. ಮೊದಲು ಆಕಾರ ನೋಡಿ. ಕೆಲವು ದುಂಡಗೆ ಕುಳ್ಳಗೆ ಬೆಳೆಯುತ್ತವೆ, ಕೆಲವು ಇಳಿಬೀಳುತ್ತವೆ. ಕುಂಡದ ಅಂಚಿಗೆ, ಉದ್ದ ತೊಟ್ಟಿಗೆ, ದಾರಿಯ ಪಕ್ಕದ ಸಾಲಿಗೆ ಕುಳ್ಳ ಜಾತಿ. ತೂಗುಕುಂಡಕ್ಕೆ ಇಳಿಬೀಳುವ ಜಾತಿ. ಇವೆರಡನ್ನು ಅದಲು ಬದಲು ಮಾಡಿದರೆ ಗಿಡ ಚೆನ್ನಾಗಿ ಬಂದರೂ ನೋಡಲು ಸರಿ ಅನ್ನಿಸುವುದಿಲ್ಲ. ಕುಳ್ಳ ಜಾತಿಯಲ್ಲಿ ಹಳೆಯದು, ಹೆಸರುವಾಸಿಯಾದದ್ದು ಕ್ರಿಸ್ಟಲ್ ಪ್ಯಾಲೇಸ್. ಕಡು ನೀಲಿ ಹೂ, ಕಂಚಿನ ಛಾಯೆಯ ಎಲೆ. ಲಂಡನ್ನಿನ ಗಾಜಿನ ಅರಮನೆಯ ಹೆಸರು ಅದಕ್ಕೆ. ಆ ಅರಮನೆ 1936ರಲ್ಲಿ ಸುಟ್ಟುಹೋಯಿತು, ಅದರ ಮಾದರಿ ನೋಡಿ 1889ರಲ್ಲಿ ಶುರುಮಾಡಿದ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಇವತ್ತಿಗೂ ಇದೆ. ತಿಳಿ ನೀಲಿ ಬೇಕಾದವರಿಗೆ ಕೇಂಬ್ರಿಡ್ಜ್ ಬ್ಲೂ. ಕಡು ನೀಲಿಯ ನಡುವೆ ಎದ್ದು ಕಾಣುವ ಬಿಳಿ ಕಣ್ಣು ಬೇಕಾದವರಿಗೆ ಮಿಸೆಸ್ ಕ್ಲಿಬ್ರಾನ್. ಇಳಿಬೀಳುವುದರಲ್ಲಿ ಸಫೈರ್, ಕ್ಯಾಸ್ಕೇಡ್ ಸರಣಿ, ರೆಗಾಟಾ ಸರಣಿ.

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ವಿಷಯ ಇದೆ. ಲೊಬೀಲಿಯಾಗೆ ಹಗಲು ಉದ್ದವಾದಷ್ಟೂ ಬೇಗ ಹೂ. ಇಂಗ್ಲೆಂಡಿನ ಬೇಸಿಗೆಗೆ ಅಂತ ಬೆಳೆಸಿಕೊಂಡು ಬಂದ ಹಳೆಯ ತಳಿಗಳು ನಮ್ಮ ಡಿಸೆಂಬರಿನ ಗಿಡ್ಡ ಹಗಲಿಗೆ ತಡವಾಗಿ ಹೂ ಬಿಡುತ್ತವೆ, ಅಷ್ಟರಲ್ಲಿ ಸೆಕೆ ಶುರುವಾಗಿರುತ್ತದೆ. ಅದಕ್ಕೇ ಬೇಗ ಹೂ ಬಿಡಲೆಂದೇ ರೂಪಿಸಿದ ರಿವಿಯೆರಾ (ಕುಳ್ಳ), ರೆಗಾಟಾ (ಇಳಿಬೀಳುವುದು) ಈ ಎರಡು ಸರಣಿಯೇ ನಮಗೆ ಹೆಚ್ಚು ಒಳ್ಳೆಯದು. ಕ್ರಿಸ್ಟಲ್ ಪ್ಯಾಲೇಸ್ ಬಣ್ಣಕ್ಕೆ ನಾನು ಸೋಲುತ್ತೇನೆ, ಆದರೆ ಮೊದಲ ಸಲ ಬೆಳೆಸುವವರಿಗೆ ರಿವಿಯೆರಾನೇ ಕೊಡಿಸುತ್ತೇನೆ.

ಸೆಕೆ ತಡೆಯುವ ಲೊಬೀಲಿಯಾ ಅಂತಲೂ ಬಂದಿವೆ: ಲಗೂನಾ, ಟೆಕ್ನೋ ಹೀಟ್ ಮುಂತಾದವು. ಇವನ್ನು ಬೀಜದಿಂದಲ್ಲ, ಕಡ್ಡಿಯಿಂದ ಬೆಳೆಸುತ್ತಾರೆ. ಗಿಡ ಗಟ್ಟಿ, ಹೂ ದೊಡ್ಡದು, ಹಂಗಾಮು ಸ್ವಲ್ಪ ಉದ್ದ. ಅಮೆರಿಕ, ಯುರೋಪಿನಲ್ಲಿರುವವರು ಕಣ್ಣು ಮುಚ್ಚಿ ಇವನ್ನೇ ತಗೊಳ್ಳಬಹುದು. ಇವು ಸಸಿಯಾಗಿಯೇ ಸಿಗುವಂಥವು. ಈ ಹೆಸರು ಹಾಕಿ ಬೀಜದ ಪೊಟ್ಟಣ ಮಾರುವವರು ಕಂಡರೆ ಕೊಳ್ಳಬೇಡಿ.

ಬಿತ್ತುವುದು: ಅವಸರ ಮಾಡಿದವರು ಇಲ್ಲೇ ಕೈಬಿಡುವುದು

ಲೊಬೀಲಿಯಾ ಬೀಜ ನಶ್ಯದ ಪುಡಿಯ ಹಾಗೆ. ಒಂದು ಗ್ರಾಮಿನಲ್ಲಿ 25,000ಕ್ಕೂ ಹೆಚ್ಚು ಬೀಜ ಇರುತ್ತದೆ. ಫ್ಯಾನ್ ಹಾಕಿಕೊಂಡು ಪ್ಯಾಕೆಟ್ ಬಿಚ್ಚಿದರೆ ಬೀಜ ಎಲ್ಲಿ ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ಜರಡಿ ಹಿಡಿದ ಒಣ ಮರಳಿನ ಜೊತೆ ಬೆರೆಸಿ, ಮಡಿಚಿದ ಕಾಗದದ ಮೇಲಿಟ್ಟು, ಮಿಶ್ರಣ ತುಂಬಿದ ಟ್ರೇಗೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಉದುರಿಸುವುದು ಸುಲಭದ ದಾರಿ. ಮೇಲೆ ಮಣ್ಣು ಮುಚ್ಚಬೇಡಿ. ಬೆಳಕು ಬಿದ್ದರೆ ಮಾತ್ರ ಇದು ಮೊಳೆಯುವುದು. ಅಂಗೈಯಿಂದ ಸ್ವಲ್ಪ ಒತ್ತಿದರೆ ಸಾಕು.

ನೀರನ್ನು ಮೇಲಿಂದ ಹಾಕಲೇಬೇಡಿ. ಟ್ರೇಯನ್ನು ನೀರಿರುವ ತಟ್ಟೆಯಲ್ಲಿಡಿ, ಕೆಳಗಿನಿಂದ ಅದೇ ಹೀರಿಕೊಳ್ಳಲಿ, ಮೇಲ್ಮೈ ಕಪ್ಪಾದ ಕೂಡಲೇ ತೆಗೆಯಿರಿ. ಮೇಲೆ ಒಂದು ಪ್ಲಾಸ್ಟಿಕ್ ಹಾಳೆ. 20ರಿಂದ 24 ಡಿಗ್ರಿಯಲ್ಲಿ ಎರಡು ವಾರದ ಸುಮಾರಿಗೆ ಹಸಿರು ಕಾಣುತ್ತದೆ. ಮೊದಲು ಪಾಚಿ ಅಂದುಕೊಳ್ಳುತ್ತೀರಿ, ಹತ್ತಿರ ಹೋಗಿ ನೋಡಿದರೆ ಒಂದೊಂದಕ್ಕೂ ಎರಡೆರಡು ಎಲೆ ಇರುತ್ತದೆ. ಇನ್ನೊಂದು ತಿಂಗಳು ಅವು ಹಾಗೇ ಇರುತ್ತವೆ, ಬೆಳೆದಂತೆ ಕಾಣುವುದೇ ಇಲ್ಲ, ಬಹಳ ಜನ ಆಗ ಬೇಸತ್ತು ಜಾಸ್ತಿ ನೀರು, ಜಾಸ್ತಿ ಗೊಬ್ಬರ ಹಾಕಿ ಕೊಲ್ಲುತ್ತಾರೆ. ಆ ಹೊತ್ತಲ್ಲಿ ಕೆಳಗೆ ಬೇರು ಬೆಳೆಯುತ್ತಿರುತ್ತದೆ. ಬಿಟ್ಟುಬಿಡಿ.

ಒಂದು ಬದಿಯಿಂದ ಸಸಿಗಳು ಬುಡ ಕೊಳೆತು ಮಗುಚಿಕೊಳ್ಳುತ್ತಾ ಬಂದರೆ ಅದು ಶಿಲೀಂಧ್ರದ ಕೆಲಸ. ಪ್ಲಾಸ್ಟಿಕ್ ತೆಗೆದು ಗಾಳಿ ಆಡಿಸಿ, ನೀರು ಕಡಿಮೆ ಮಾಡಿ, ಸತ್ತ ಭಾಗವನ್ನು ಸುತ್ತಲಿನ ಮಿಶ್ರಣದ ಸಮೇತ ಚಮಚದಿಂದ ಎತ್ತಿ ಬಿಸಾಡಿ. ಬಿತ್ತುವಾಗಲೇ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿದರೆ ಇದು ಬರುವುದು ಕಡಿಮೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುವವರು ಒಂದೆರಡು ಸಲ ಒಳ್ಳೆ ನೀರಲ್ಲಿ ತೊಳೆದು ಹಿಂಡಿ ಬಳಸಿ. ಇಟ್ಟಿಗೆಯಂತೆ ಒತ್ತಿ ಮಾರುವ ಅಗ್ಗದ ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ, ಇಷ್ಟು ಸಣ್ಣ ಸಸಿ ಅದನ್ನು ತಡೆಯುವುದಿಲ್ಲ.

ಎರಡು ಜೊತೆ ನಿಜವಾದ ಎಲೆ ಬಂದ ಮೇಲೆ ಬೇರೆ ಮಾಡಬೇಕು. ಒಂದೊಂದಾಗಿ ಕೀಳಲು ಹೋಗಬೇಡಿ, ಐಸ್‌ಕ್ರೀಂ ಕಡ್ಡಿಯಿಂದ ಐದಾರು ಸಸಿಗಳ ಗುಂಪನ್ನೇ ಮಣ್ಣಿನ ಸಮೇತ ಎತ್ತಿ, ಸಸಿ ಬೆಳೆಸುವ 98 ಗುಳಿಯ ಪ್ಲಾಸ್ಟಿಕ್ ತಟ್ಟೆಯ (ಪ್ರೋಟ್ರೇ) ಒಂದೊಂದು ಗುಳಿಗೆ ಒಂದೊಂದು ಗುಂಪು ಕೂರಿಸಿ. ಲೊಬೀಲಿಯಾದ ಒಂಟಿ ಗಿಡ ತೆಳ್ಳಗೆ ಕಾಣುತ್ತದೆ, ಗುಂಪಾಗಿ ಬೆಳೆದರೇ ಅದರ ಅಂದ. ಇನ್ನೊಂದು ತಿಂಗಳಲ್ಲಿ ಕುಂಡಕ್ಕೆ. ಒಂದು ಅಡಿ ಅಗಲದ ತೂಗುಕುಂಡಕ್ಕೆ ಐದು ಗುಂಪು ಸಾಕು. ಬಿತ್ತನೆಯಿಂದ ಹೂವಿಗೆ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು. ಅಂದರೆ ಗಣೇಶನ ಹಬ್ಬ ಮುಗಿಸಿ ಸೆಪ್ಟೆಂಬರ್ ಕೊನೆಗೆ ಬಿತ್ತಿದವರಿಗೆ ಹೊಸ ವರ್ಷಕ್ಕೆ ಹೂ.

ಇಷ್ಟೆಲ್ಲ ಆಗುವುದಿಲ್ಲ ಅನ್ನುವವರು ಸಸಿ ಕೊಳ್ಳುವುದೇ ಒಳ್ಳೆಯದು, ಅದರಲ್ಲಿ ಕಡಿಮೆ ಏನೂ ಇಲ್ಲ. ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬೆಂಗಳೂರಿನ ನರ್ಸರಿಗಳಲ್ಲಿ ಚಳಿಗಾಲದ ಹೂ ಸಸಿಗಳು ಬಂದಿರುತ್ತವೆ. ಸಿದ್ದಾಪುರ, ಜಯನಗರದ ಕಡೆ ಒಂದು ಸುತ್ತು ಹಾಕಿ ಕೇಳಿ. ತುಂಬ ಹೂ ಬಿಟ್ಟಿರುವುದನ್ನು ಬಿಟ್ಟು, ಮೊಗ್ಗು ಜಾಸ್ತಿ ಇರುವ, ಬುಡದ ಎಲೆ ಹಸಿರಾಗಿರುವ ಗಿಡ ಆರಿಸಿ. ಕವರಿನ ತಳದಲ್ಲಿ ಬೇರು ಸುತ್ತಿಕೊಂಡು ಕಂದಾಗಿದ್ದರೆ ಬೇಡ.

ಆರೈಕೆಯಲ್ಲಿ ಮುಖ್ಯವಾದದ್ದು ಎರಡೇ. ಒಂದು, ಇದರ ಬೇರು ಪೂರ್ತಿ ಒಣಗಬಾರದು. ಬೇರೆ ಗಿಡ ಬಾಡಿದರೆ ನೀರು ಕುಡಿದು ಎದ್ದು ನಿಲ್ಲುತ್ತದೆ, ಲೊಬೀಲಿಯಾ ಒಮ್ಮೆ ಪೂರ್ತಿ ಬಾಡಿತು ಅಂದರೆ ಮೊದಲಿನಂತೆ ಆಗುವುದು ಕಷ್ಟ. ವಾರಾಂತ್ಯಕ್ಕೆ ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಹೇಳಿಯೇ ಹೋಗಬೇಕು. ಎರಡು, ಮೊದಲ ಸುತ್ತಿನ ಹೂ ಇಳಿಮುಖವಾದಾಗ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿಬಿಡಿ. ಮನಸ್ಸು ಬರುವುದಿಲ್ಲ, ಆದರೂ ಕತ್ತರಿಸಿ. ಅಂಗಡಿಯವರು ‘ಹತ್ತೊಂಬತ್ತು ಆಲ್’ ಅನ್ನುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಮ್ ಕರಗಿಸಿ ಹಾಕಿದರೆ ಎರಡು ಮೂರು ವಾರದಲ್ಲಿ ಮತ್ತೆ ಮೈತುಂಬ ಮೊಗ್ಗು. ಜಾಸ್ತಿ ಗೊಬ್ಬರ ಬೇಡ, ಎಲೆ ಮಾತ್ರ ಬರುತ್ತದೆ.

ಐಸೊಟೋಮಾ: ಬಿಸಿಲಿನ ಬಾಲ್ಕನಿಯವರಿಗೆ

ಲೊಬೀಲಿಯಾದ ಹತ್ತಿರದ ನೆಂಟ. ತವರು ಪೂರ್ವ ಆಸ್ಟ್ರೇಲಿಯಾ, ಕ್ವೀನ್ಸ್‌ಲ್ಯಾಂಡಿನಿಂದ ವಿಕ್ಟೋರಿಯಾದ ತನಕ ಬಂಡೆಗಳ ಸಂದಿಯಲ್ಲಿ ಬೆಳೆಯುತ್ತದೆ. ಬಂಡೆಯ ಗಿಡ ಅಂದ ಮೇಲೆ ಕಾವು ತಡೆಯುತ್ತದೆ, ನೀರು ನಿಂತರೆ ತಡೆಯುವುದಿಲ್ಲ. ಇಷ್ಟು ತಿಳಿದುಕೊಂಡರೆ ಇದರ ಆರೈಕೆ ಮುಕ್ಕಾಲು ಗೊತ್ತಾದ ಹಾಗೆ.

ಹೂ ಐದು ಎಸಳಿನ ಚೂಪು ನಕ್ಷತ್ರ, ಲೊಬೀಲಿಯಾಕ್ಕಿಂತ ದೊಡ್ಡದು, ಸುಮಾರು 3 ಸೆಂಟಿಮೀಟರ್ ಅಗಲ. ಬಣ್ಣ ತಿಳಿ ನೀಲಿಯಿಂದ ತಿಳಿ ನೇರಳೆ. ಕ್ರಿಸ್ಟಲ್ ಪ್ಯಾಲೇಸಿನ ಗಾಢ ನೀಲಿ ಇದರಲ್ಲಿ ಸಿಗುವುದಿಲ್ಲ, ಅದೊಂದು ಕೊರತೆ. ಎಲೆ ಸಣ್ಣಗೆ ಸೀಳಿಕೊಂಡಿರುತ್ತದೆ. ಗಿಡ 25-30 ಸೆಂಟಿಮೀಟರಿನ ದುಂಡು ಗುಡ್ಡೆಯಾಗಿ ಬೆಳೆಯುತ್ತದೆ. ಬಾಡಿದ ಹೂ ಒಂದೊಂದಾಗಿ ಕೀಳುವ ಕೆಲಸ ಇಲ್ಲ.

ಅಕ್ಟೋಬರ್-ನವೆಂಬರಿನಲ್ಲಿ ಬಿತ್ತಿದರೆ ನಾಲ್ಕು ತಿಂಗಳ ಮೇಲೆ ಹೂ ಶುರು. ಲೊಬೀಲಿಯಾ ಸುಸ್ತಾಗುವ ಮಾರ್ಚ್ ಹೊತ್ತಿಗೆ ಸರಿಯಾಗಿ ಇದರ ಹೂ ಏರುತ್ತದೆ. ಎರಡನ್ನೂ ಬಿತ್ತಿಕೊಂಡರೆ ಜನವರಿಯಿಂದ ಮೇ ತನಕ ಬಾಲ್ಕನಿಯಲ್ಲಿ ನೀಲಿ ತಪ್ಪುವುದಿಲ್ಲ. ಜಾಗ ಇದ್ದವರಿಗೆ ನಾನು ಹೇಳುವುದು ಇದನ್ನೇ. ಬೀಜ ಇದರದ್ದೂ ಸಣ್ಣದು, ಇದಕ್ಕೂ ಬೆಳಕು ಬೇಕು, ಬಿತ್ತುವ ಕ್ರಮ ಮೇಲೆ ಹೇಳಿದ್ದೇ. ಕುಂಡದ ಮಿಶ್ರಣದಲ್ಲಿ ಮಾತ್ರ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಹರಳು) ಮೂರರಲ್ಲಿ ಒಂದು ಭಾಗ ಇರಲಿ. ಮೇಲಿನ ಒಂದು ಇಂಚು ಒಣಗಿದ ಮೇಲೆ ನೀರು. ಜೂನಿನಲ್ಲಿ ಮಳೆ ನೇರ ಬೀಳದ ಕಡೆ ಸರಿಸಿ, ಅರ್ಧಕ್ಕೆ ಕತ್ತರಿಸಿಟ್ಟರೆ ಮಳೆಗಾಲ ದಾಟಿ ಇನ್ನೊಂದು ಹಂಗಾಮು ಬದುಕುವುದೂ ಉಂಟು. ಇದು ಹುಟ್ಟಾ ಬಹುವಾರ್ಷಿಕ ಗಿಡ, ಒಂದೇ ವರ್ಷಕ್ಕೆ ಬಿಸಾಡಬೇಕಾಗಿಲ್ಲ.

ಒಂದು ವಿಷಯ ಮಾತ್ರ ದಯವಿಟ್ಟು ನೆನಪಿಡಿ. ಇದರ ಕಾಂಡ ಮುರಿದರೆ ಬಿಳಿ ಹಾಲು ಬರುತ್ತದೆ. ಅದು ಚರ್ಮಕ್ಕೆ ಉರಿ, ಕಣ್ಣಿಗೆ ತಾಗಿದರೆ ಬಹಳ ನೋವು. ಕತ್ತರಿಸುವಾಗ ಗ್ಲೌಸ್ ಹಾಕಿ, ಕೈ ತೊಳೆಯದೆ ಮುಖ ಮುಟ್ಟಬೇಡಿ. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗು ಮನೆಯಲ್ಲಿದ್ದರೆ, ಎಲೆ ಕಚ್ಚುವ ನಾಯಿ ಬೆಕ್ಕು ಇದ್ದರೆ ಐಸೊಟೋಮಾ ತರಬೇಡಿ. ಲೊಬೀಲಿಯಾವನ್ನೂ ತಿನ್ನಬಾರದು, ಅದನ್ನಾದರೆ ಎತ್ತರಕ್ಕೆ ತೂಗುಹಾಕಬಹುದು.

ಇದೇ ಗುಂಪಿನ ಇನ್ನೊಂದು ಗಿಡ ನಮ್ಮ ಮಲೆನಾಡಿನ ತೇವದ ದಾರಿ ಬದಿಯಲ್ಲಿ, ಹಳೆ ಗೋಡೆಯ ಬುಡದಲ್ಲಿ ಕಾಣುತ್ತದೆ. ಉದ್ದ ತೆಳು ಕೊಳವೆಯ ತುದಿಯಲ್ಲಿ ಅಚ್ಚ ಬಿಳಿ ನಕ್ಷತ್ರದ ಹೂ. ಹಿಪ್ಪೋಬ್ರೋಮಾ ಅಂತ ಹೆಸರು, ವೆಸ್ಟ್ ಇಂಡೀಸ್ ಕಡೆಯಿಂದ ಬಂದು ಕಾಡು ಬಿದ್ದ ಗಿಡ. ನೋಡಲು ತುಂಬಾ ಚೆಂದ, ಕಿತ್ತು ತರೋಣ ಅನ್ನಿಸುತ್ತದೆ. ತರಬೇಡಿ. ಅದರ ಹಾಲು ಐಸೊಟೋಮಾಕ್ಕಿಂತ ಅಪಾಯದ್ದು, ಕಣ್ಣನ್ನೇ ಹಾಳುಮಾಡಬಲ್ಲದು.

ಬೀಜ ಹುಡುಕುವಾಗ ಹೆಸರಿನ ಗೊಂದಲ ಆಗುತ್ತದೆ. ಐಸೊಟೋಮಾ ಆಕ್ಸಿಲಾರಿಸ್, ಲಾರೆನ್ಷಿಯಾ ಆಕ್ಸಿಲಾರಿಸ್, ಈಚಿನ ಲಿಥೋಟೋಮಾ, ಮೂರೂ ಒಂದೇ ಗಿಡ. ಐಸೊಟೋಮಾ ಫ್ಲೂವಿಯಾಟಿಲಿಸ್ ಅಂತ ಇದ್ದರೆ ಅದು ಬೇರೆ, ನೆಲಕ್ಕೆ ಚಾಪೆಯಂತೆ ಹಬ್ಬುವುದು, ಸದಾ ತೇವ ಬೇಕಾದದ್ದು. ಬಿಸಿಲ ಬಾಲ್ಕನಿಗೆ ಆಗುವುದಿಲ್ಲ.

ಬಲೂನ್ ಹೂ: ನಿಧಾನ, ಆದರೆ ಗಟ್ಟಿ

ಪ್ಲಾಟಿಕೋಡಾನ್ ಗ್ರಾಂಡಿಫ್ಲೋರಸ್. ಇಡೀ ಕುಲದಲ್ಲಿ ಇದೊಂದೇ ಪ್ರಭೇದ. ಮೊಗ್ಗು ದಿನೇದಿನೇ ಗಾಳಿ ತುಂಬಿಕೊಂಡಂತೆ ಉಬ್ಬುತ್ತದೆ, ಮೊದಲು ಹಸಿರು, ಆಮೇಲೆ ನೀಲಿ ಏರುತ್ತಾ, ಐದು ಗೆರೆ ಎದ್ದು ಕಾಣುತ್ತಾ, ಒಂದು ಬೆಳಿಗ್ಗೆ ಆ ಗೆರೆಗಳ ಉದ್ದಕ್ಕೇ ಬಿರಿದು ಐದು ಮೂಲೆಯ ಬಟ್ಟಲಾಗುತ್ತದೆ. ಎಸಳಿನ ಮೇಲೆ ಕಡು ನೀಲಿಯ ನರಗಳು. ಮಕ್ಕಳಿಗೆ ಆ ಉಬ್ಬಿದ ಮೊಗ್ಗನ್ನು ಒತ್ತಿ ಒಡೆಯುವ ಆಸೆ ತಡೆಯುವುದಿಲ್ಲ. ಒಡೆಯಲಿ ಬಿಡಿ, ಇದರಲ್ಲಿ ಇನ್ನೂ ಮೊಗ್ಗು ಬರುತ್ತವೆ.

ಜಪಾನಿನಲ್ಲಿ ಇದು ಕಿಕ್ಯೋ, ಶರತ್ಕಾಲದ ಏಳು ಹೂಗಳಲ್ಲಿ ಒಂದು. ಕೊರಿಯಾದಲ್ಲಿ ಇದರ ಬೇರು ದೊರಾಜಿ. ಸೀಳಿ, ಉಪ್ಪು ಹಾಕಿ ತಿಕ್ಕಿ, ಕಹಿ ಬಿಡಿಸಿ ಪಲ್ಯ ಮಾಡುತ್ತಾರೆ. ನಮ್ಮ ನರ್ಸರಿ ಗಿಡಕ್ಕೆ ಏನೇನು ಔಷಧಿ ಹೊಡೆದಿರುತ್ತಾರೋ, ಆ ಪ್ರಯೋಗ ಮನೆಯಲ್ಲಿ ಬೇಡ.

ಆ ದಪ್ಪ ಬೇರೇ ಈ ಗಿಡದ ಬಲ, ಅದೇ ಇದರ ತೊಂದರೆ. ಬೇರಿನಲ್ಲಿ ಕೂಡಿಟ್ಟುಕೊಂಡಿರುವುದರಿಂದ ಒಂದು ದಿನ ನೀರು ತಪ್ಪಿದರೆ ಸಾಯುವುದಿಲ್ಲ. ಆದರೆ ಕಿತ್ತು ನೆಟ್ಟರೆ ಸೊರಗುತ್ತದೆ, ಹಾಗಾಗಿ ಮೊದಲೇ ಒಂದು ಅಡಿ ಆಳದ ಕುಂಡದಲ್ಲಿ ಕೂರಿಸಿ ಅಲ್ಲೇ ಬಿಡಬೇಕು. ಚಳಿಗಾಲದಲ್ಲಿ ಮೇಲಿನ ಭಾಗ ಒಣಗಿಹೋಗುತ್ತದೆ. ಸತ್ತಿತು ಅಂತ ಕುಂಡ ಖಾಲಿ ಮಾಡುವವರೇ ಜಾಸ್ತಿ. ಬೇರು ಬದುಕಿರುತ್ತದೆ, ಚಿಗುರು ತಡವಾಗಿ ಬರುತ್ತದೆ ಅಷ್ಟೇ. ಕುಂಡಕ್ಕೊಂದು ಕಡ್ಡಿ ಚುಚ್ಚಿ ಹೆಸರು ಬರೆದಿಡಿ, ನೀರು ಕಡಿಮೆ ಮಾಡಿ.

ಕುಂಡಕ್ಕೆ ಆಸ್ಟ್ರಾ ಸರಣಿ ಅಥವಾ ಸೆಂಟಿಮೆಂಟಲ್ ಬ್ಲೂ, ಎರಡೂ ಒಂದು ಗೇಣಿನ ಒಳಗೆ. ಫ್ಯೂಜಿ ಸರಣಿ ಎರಡು ಅಡಿಯ ತನಕ ಹೋಗುತ್ತದೆ, ಅದು ಹೂದಾನಿಗೆ ಕತ್ತರಿಸುವವರಿಗೆ. ಬೀಜ ಕಣ್ಣಿಗೆ ಕಾಣುವಷ್ಟಿದೆ, ಕಪ್ಪಗೆ ಮಿನುಗುತ್ತದೆ, ಬಿತ್ತುವ ಕೆಲಸ ನಾಲ್ಕರಲ್ಲಿ ಇದರದ್ದೇ ಸುಲಭ. ಬೀಜದಿಂದ ಮೊದಲ ವರ್ಷವೇ ಹೂ ಬಿಡುವ ಆಸ್ಟ್ರಾಗೆ ಆ ಮೊದಲ ಹೂವಿಗೆ ಚಳಿ ಬೇಕಿಲ್ಲ. ಮುಂದಿನ ವರ್ಷಗಳಲ್ಲಿ ಮಾತ್ರ ಬೇರಿಗೆ ಚಳಿ ಸಿಕ್ಕಷ್ಟೂ ಚಿಗುರು ಗಟ್ಟಿ, ಹಾಗಾಗಿ ಕೊಡಗು, ಚಿಕ್ಕಮಗಳೂರಿನ ಎತ್ತರದ ಊರಿನವರಿಗೆ ಇದು ಬೆಂಗಳೂರಿನವರಿಗಿಂತ ಚೆನ್ನಾಗಿ ಒಲಿಯುತ್ತದೆ. ಹಿಮ ಬೀಳುವ ದೇಶದಲ್ಲಿ ಇರುವವರಿಗಂತೂ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಯೋಚನೆ ಇಲ್ಲ.

ಮೈತುಂಬ ಹೂ ಮುಚ್ಚಿಕೊಳ್ಳುವ ನೋಟ ಇದರಿಂದ ಸಿಗುವುದಿಲ್ಲ. ಒಂದು ಹೊತ್ತಿಗೆ ನಾಲ್ಕಾರು ಹೂ, ಒಂದೊಂದೂ ಎರಡು ಇಂಚಿನ ಮೇಲೆ. ಕೂತು ನೋಡುವವರಿಗೆ ಇದು, ದೂರದಿಂದ ಬಣ್ಣ ಕಾಣಬೇಕು ಅನ್ನುವವರಿಗೆ ಲೊಬೀಲಿಯಾ.

ಕಂಪ್ಯಾನುಲಾ: ಇಲ್ಲಿ ಬೇಡ, ಅಲ್ಲಿ ಬೇಕು

ಫೋಟೋ ನೋಡಿ ಜನ ಹೆಚ್ಚು ಮನಸೋಲುವುದು ಇದಕ್ಕೇ, ಕಂಪ್ಯಾನುಲಾ ಕಾರ್ಪಾಟಿಕಾ. ಮೇಲ್ಮುಖದ ನೀಲಿ ಗಂಟೆಗಳು ಗಿಡ ಮುಚ್ಚುವಷ್ಟು. ಬ್ಲೂ ಕ್ಲಿಪ್ಸ್ ಅನ್ನುವ ತಳಿಯ ಬೀಜ ಇಲ್ಲಿಯೂ ಮಾರಾಟಕ್ಕಿದೆ. ಬೀಜ ಮೊಳೆಯುತ್ತದೆ, ಸಸಿ ಬರುತ್ತದೆ, ಎಲೆಗಳ ಒಳ್ಳೆ ಹಸಿರು ಗುಂಪು ಆಗುತ್ತದೆ. ಹೂ ಬರುವುದಿಲ್ಲ. ಗೊಬ್ಬರ ಬದಲಿಸುತ್ತೀರಿ, ಜಾಗ ಬದಲಿಸುತ್ತೀರಿ, ಆದರೂ ಇಲ್ಲ.

ಕಾರಣ ಹಗಲಿನ ಉದ್ದ. ಈ ಗಿಡ ಮೊಗ್ಗು ಕಟ್ಟಬೇಕಾದರೆ 14 ಗಂಟೆಗಿಂತ ಹೆಚ್ಚಿನ ಹಗಲು ಬೇಕು, 16 ಗಂಟೆ ಇದ್ದರೆ ಸಲೀಸು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು, ಜೂನ್ 21ರದ್ದು, ಪೂರ್ತಿ 13 ಗಂಟೆಯೂ ಇಲ್ಲ. ಬೀದರ್‌ನಲ್ಲಿ ಸ್ವಲ್ಪ ಜಾಸ್ತಿ, ಆದರೂ 14 ಮುಟ್ಟುವುದಿಲ್ಲ. ಲಂಡನ್ನಿನಲ್ಲಿ ಅದೇ ದಿನ ಹಗಲು 16 ಗಂಟೆ ದಾಟುತ್ತದೆ. ಮಡಿಕೇರಿಯವರು ನಮ್ಮಲ್ಲಿ ತಂಪಿದೆಯಲ್ಲ ಅನ್ನಬಹುದು. ತಂಪು ಇದೆ, ಹಗಲು ಇಲ್ಲ. ರಾತ್ರಿ 10ರಿಂದ 2ರ ತನಕ ಬಲ್ಬ್ ಹಾಕಿ ಗಿಡಕ್ಕೆ ಹಗಲು ಉದ್ದವಾಯಿತು ಅನ್ನಿಸುವ ಉಪಾಯ ಬೆಳೆಗಾರರಿಗೆ ಗೊತ್ತಿದೆ, ಹಸಿರುಮನೆಗಳಲ್ಲಿ ಮಾಡುತ್ತಾರೆ. ಬಾಲ್ಕನಿಯಲ್ಲಿ ವಾರಗಟ್ಟಲೆ ಬಲ್ಬ್ ಉರಿಸಿ, ಆಮೇಲೆ ಸೆಕೆಗೆ ಸೊರಗುವ ಗಿಡ ನೋಡುವುದು ನನಗೆ ಸರಿ ಕಾಣುವುದಿಲ್ಲ. ಅದೇ ದುಡ್ಡಿಗೆ ಐಸೊಟೋಮಾ ಬೀಜ ಬರುತ್ತದೆ.

ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಇರುವ ನಮ್ಮವರ ಲೆಕ್ಕ ಪೂರ್ತಿ ಉಲ್ಟಾ. ನಿಮಗೆ ಲೊಬೀಲಿಯಾ ಬೇಸಿಗೆಯ ಗಿಡ: ಫೆಬ್ರವರಿ-ಮಾರ್ಚಿನಲ್ಲಿ ಮನೆಯೊಳಗೆ ಬಿತ್ತಿ, ಮೇ ಕೊನೆಗೆ ಹಿಮದ ಭಯ ಹೋದ ಮೇಲೆ ಹೊರಗಿಟ್ಟರೆ ಅಕ್ಟೋಬರ್ ತನಕ ಹೂ. ಕಂಪ್ಯಾನುಲಾ ಅಂತೂ ಪ್ರತಿವರ್ಷ ತಾನಾಗಿಯೇ ಬರುತ್ತದೆ. ಕುಂಡಕ್ಕೆ, ಕಲ್ಲು ತೋಟಕ್ಕೆ ಕಾರ್ಪಾಟಿಕಾ, ಅದು ಇದ್ದಲ್ಲೇ ಗುಂಪಾಗಿರುತ್ತದೆ. ಗೋಡೆಯ ಸಂದಿಗೆ ಪೋರ್ಟೆನ್‌ಶ್ಲಾಗಿಯಾನಾ, ಅರೆನೆರಳಲ್ಲೂ ಹೂ ಬಿಡುತ್ತದೆ, ಹದ ಮೀರಿ ಹಬ್ಬುವುದಿಲ್ಲ. ಪೋಶಾರ್ಸ್ಕಿಯಾನಾ ಅನ್ನುವುದನ್ನು ಮಾತ್ರ ಯೋಚಿಸಿ ತಗೊಳ್ಳಿ. ನಕ್ಷತ್ರದಂಥ ಹೂ ಚೆಂದ, ಇದೂ ಪೋರ್ಟೆನ್‌ಶ್ಲಾಗಿಯಾನಾವೂ ಕ್ರೊವೇಷಿಯಾದ ಡಾಲ್ಮೇಷಿಯಾ ಕರಾವಳಿ ಕಡೆಯ ಗಿಡಗಳೇ, ಆದರೆ ಇದು ಓಡುತ್ತದೆ. ಪಕ್ಕದ ಸಣ್ಣ ಗಿಡಗಳನ್ನು ಮುಚ್ಚಿಹಾಕುತ್ತದೆ. ದೊಡ್ಡ ಖಾಲಿ ಇಳಿಜಾರು ಇದ್ದರೆ ಸರಿ, ಬಾಡಿಗೆ ಮನೆಯ ಪುಟ್ಟ ಹಿತ್ತಲಿಗೆ ಬೇಡ. ಅಲ್ಲಿ ಇವಕ್ಕೆ ದೊಡ್ಡ ಶತ್ರು ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು), ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಒಳ್ಳೆಯ ಉಪಾಯ.

ಕೊಳ್ಳುವಾಗ

ಪ್ಯಾಕೆಟ್ ಮೇಲೆ ಸಸ್ಯಶಾಸ್ತ್ರದ ಪೂರ್ತಿ ಹೆಸರು, ತಳಿಯ ಹೆಸರು, ಪ್ಯಾಕ್ ಮಾಡಿದ ವರ್ಷ ಮೂರೂ ಇರಬೇಕು. ಬರೀ ನೀಲಿ ಲೊಬೀಲಿಯಾ ಅಂತ ಇದ್ದರೆ ಕುಳ್ಳನೋ ಇಳಿಬೀಳುವುದೋ ಗೊತ್ತಾಗುವುದಿಲ್ಲ. ಮಿಶ್ರ ಬಣ್ಣದ ಪ್ಯಾಕೆಟ್ಟಿನಲ್ಲಿ ಗುಲಾಬಿ, ಬಿಳಿಯೂ ಇರುತ್ತದೆ, ನೀಲಿಯೇ ಬೇಕಾದವರಿಗೆ ಅದು ಬೇಡ.

ಲೊಬೀಲಿಯಾಗೆ ಗುಳಿಗೆ ಬೀಜವೂ ಸಿಗುತ್ತದೆ. ಮಣ್ಣಿನ ಲೇಪ ಕೊಟ್ಟು ಸಾಸಿವೆ ಗಾತ್ರಕ್ಕೆ ತಂದಿರುತ್ತಾರೆ, ಒಂದು ಗುಳಿಗೆಯೊಳಗೆ ಹಲವು ಬೀಜ. ಬೆಲೆ ಜಾಸ್ತಿ, ಆದರೆ ಗುಂಪಾಗಿ ಬೆಳೆಸುವ ಕೆಲಸ ತಾನಾಗಿಯೇ ಆಗುತ್ತದೆ, ಪ್ರೋಟ್ರೇಯ ಒಂದು ಗುಳಿಯಲ್ಲಿ ಒಂದೇ ಗುಳಿಗೆ ಬೀಜ ಹಾಕಿದರೆ ಮುಗಿಯಿತು. ಕಣ್ಣು ಮಂಜಾದವರಿಗೆ, ಕೈ ನಡುಗುವ ಹಿರಿಯರಿಗೆ ಇದನ್ನೇ ಕೊಡಿಸಿ. ಲೇಪದ ಬೀಜ ಬಿಡಿ ಬೀಜದಷ್ಟು ದಿನ ಬಾಳುವುದಿಲ್ಲ, ಆ ಹಂಗಾಮಿಗೆ ಎಷ್ಟು ಬೇಕೋ ಅಷ್ಟೇ ತಂದು ಪೂರ್ತಿ ಬಿತ್ತಿಬಿಡಿ. ಬಿಡಿ ಬೀಜ ಉಳಿದರೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ಮುಂದಿನ ದಸರಾಕ್ಕೂ ಆಗುತ್ತದೆ.